ಮೇಷ್ಟ್ರ ಹಾಸ್ಟೆಲಿನ ಎಲೆ

ಉಜ್ಜಿನಪ್ಪ ಮೇಷ್ಟ್ರು ಸತ್ತ ಮೇಲೆ ಊರು ಅವರಿಗೆ ಬಹಳ ಗೌರವ ಕೊಟ್ಟಿತು. ಬದುಕಿದ್ದಾಗ ಕೊಟ್ಟಿದ್ದಕ್ಕಿಂತ ಹೆಚ್ಚೇ ಕೊಟ್ಟಿತು. ಸತ್ತವರನ್ನು ಗೌರವಿಸುವುದರಲ್ಲಿ ಒಂದು ಅನುಕೂಲವಿದೆ. ಅವರು ಎದ್ದು ಬಂದು, ಏನಪ್ಪಾ ಇದು ಅಂತ ಕೇಳುವುದಿಲ್ಲ.

ಹೊಸಪೇಟೆಯಿಂದ ಚಿತ್ತವಾಡ್ಗಿಗೆ ಹೋಗುವ ದಾರಿಯಲ್ಲಿ, ಕಾಲುವೆಯ ದಂಡೆಗೆ, ಮೇಷ್ಟ್ರು ಊರೂರು ತಿರುಗಿ ಬೇಡಿ ಕಟ್ಟಿಸಿದ ಕಾಲೇಜು ಹುಡುಗರ ಹಾಸ್ಟೆಲ್ ಇತ್ತು. ಅವರು ತೀರಿಕೊಂಡ ವರ್ಷವೇ ಅದಕ್ಕೆ ಅವರ ಹೆಸರಿಟ್ಟರು: ಉಜ್ಜಿನಪ್ಪ ಮೇಷ್ಟ್ರ ವಿದ್ಯಾರ್ಥಿ ನಿಲಯ. ಕೆಲವು ವರ್ಷ ಕಳೆದ ಮೇಲೆ, ಹುಡುಗರು ಬರುತ್ತಿಲ್ಲ ಅಂತ ಟ್ರಸ್ಟಿನವರು ಅಂದರು. ಹುಡುಗರೇನೋ ಬರುತ್ತಿದ್ದರು. ಆದರೆ ಡ್ಯಾಮಿನ ನೀರು ಕುಡಿದು ಕಬ್ಬು, ಭತ್ತ ಬೆಳೆದ ಮನೆಗಳಲ್ಲಿ ಹುಡುಗರಿಗಿಂತ ಮದುವೆಗಳೇ ಜಾಸ್ತಿಯಾಗಿದ್ದವು. ಕೋಣೆಗಳ ನಡುವಿನ ಗೋಡೆ ಒಡೆದರು. ಹುಡುಗರು ಓದುತ್ತಿದ್ದ ಜಾಗದಲ್ಲಿ ವಾಲಗದವರು ಕೂತರು. ಪೇಂಟರು ಬಂದು 'ವಿದ್ಯಾರ್ಥಿ ನಿಲಯ' ಅಳಿಸಿ 'ಕಲ್ಯಾಣ ಮಂಟಪ' ಅಂತ ಬರೆದ. ಮೇಷ್ಟ್ರ ಹೆಸರಿಗೆ ಮಾತ್ರ ಇನ್ನೊಂದು ಕೈ ಬಣ್ಣ ಕೊಟ್ಟ. ಹೆಸರು ಉಳಿಸಿಕೊಂಡೆವು ಅಂತ ಎಲ್ಲರಿಗೂ ಸಮಾಧಾನವಾಯಿತು.

ಹೆಸರಿನ ಜೊತೆಗೆ ಇನ್ನೊಂದೂ ಉಳಿದಿತ್ತು. ಅದಕ್ಕೆ ಯಾರೂ ಬಣ್ಣ ಕೊಡಲಿಲ್ಲ. ಅದು ಹೊಳೆಮ್ಮ.

ಹೊಳೆಮ್ಮ ಚಿತ್ತವಾಡ್ಗಿಯ ಮಾದಿಗರ ಕೇರಿಯವಳು. ಗಂಡ ಪಾಲಪ್ಪ ಮೊದಲು ಕಾಲುವೆಗೆ ಮಣ್ಣು ಹೊತ್ತ, ಆಮೇಲೆ ಹಾಸ್ಟೆಲಿಗೆ ಕಲ್ಲು ಹೊತ್ತ. ಕಾಲುವೆಯ ನೀರು ಅವನ ಹೊಲಕ್ಕೆ ಹರಿಯಲಿಲ್ಲ, ಯಾಕೆಂದರೆ ಅವನಿಗೆ ಹೊಲವೇ ಇರಲಿಲ್ಲ. ಹಾಸ್ಟೆಲಿನ ಗೋಡೆ ಏಳುವಷ್ಟರಲ್ಲಿ ಅವನ ಎದೆ ಕೂತಿತ್ತು. ಕೆಮ್ಮಿ ಕೆಮ್ಮಿ ಸತ್ತ. ಹೊಳೆಮ್ಮನಿಗೆ ಆಗ ಹೊಟ್ಟೆಯಲ್ಲಿ ಮಗಳು. ಹಾಸ್ಟೆಲ್ ಶುರುವಾದ ದಿನದಿಂದ ಅವಳು ಅಲ್ಲಿ ಕಸ ಹೊಡೆಯುತ್ತಿದ್ದಳು, ನೀರು ಸೇದುತ್ತಿದ್ದಳು.

ಆ ಹಾಸ್ಟೆಲಿನಲ್ಲಿ ಒಂದು ಪದ್ಧತಿ ಇತ್ತು. ಮೇಷ್ಟ್ರು ಹಾಕಿದ್ದು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಉಂಡವರು ತಮ್ಮ ಎಲೆ ತಾವೇ ಎತ್ತಬೇಕು. ಇನ್ನೊಬ್ಬರ ಎಲೆಗೆ ಇನ್ನೊಬ್ಬರು ಕೈ ಹಾಕಕೂಡದು. ಮೇಷ್ಟ್ರೂ ತಮ್ಮ ಎಲೆ ಮಡಚಿ, ಹಿತ್ತಲಿನ ಗುಂಡಿಯವರೆಗೆ ನಡೆದು ಹೋಗಿ ಹಾಕಿ ಬರುತ್ತಿದ್ದರು. ಸಾಲಿನ ಕೊನೆಯಲ್ಲಿ ಹೊಳೆಮ್ಮನೂ ಕೂರುತ್ತಿದ್ದಳು. ಮೊದಲ ದಿನ ಅವಳ ಗಂಟಲಲ್ಲಿ ಅನ್ನ ಇಳಿಯಲಿಲ್ಲ. ಊಟ ಮಾಡುವುದು ಅಷ್ಟು ಭಯದ ಕೆಲಸ ಅಂತ ಅವಳಿಗೆ ಗೊತ್ತಿರಲಿಲ್ಲ.

ಒಂದು ವರ್ಷ ಎಮ್ಮಿಗನೂರಿನಿಂದ ವಿರುಪಾಕ್ಷಪ್ಪ ಅನ್ನುವ ಹುಡುಗ ಬಂದ. ಕಬ್ಬಿನ ಗದ್ದೆಯವರ ಮನೆಯ ಒಬ್ಬನೇ ಮಗ. ಅಲ್ಲಿಯತನಕ ಉಂಡು ಎದ್ದು ಕೈ ತೊಳೆಯುವುದಷ್ಟೇ ಅವನಿಗೆ ಗೊತ್ತಿದ್ದದ್ದು. ಎಲೆ ತಾನಾಗಿಯೇ ಮಾಯವಾಗುತ್ತದೆ ಅಂತ ತಿಳಿದಿದ್ದನೋ ಏನೋ. ಉಂಡು ಎದ್ದವನು ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದ ಹೊಳೆಮ್ಮನ ಕಡೆ ಕತ್ತು ಹೊರಳಿಸಿ, "ಏ, ಇದನ್ನ ಎತ್ತು" ಅಂದ.

ಹೊಳೆಮ್ಮ ಬಗ್ಗಿದಳು. ಯೋಚಿಸಿ ಬಗ್ಗಿದ್ದಲ್ಲ. ಅಂಥ ದನಿ ಕೇಳಿದರೆ ಬಗ್ಗುವುದು ಅವಳ ಸೊಂಟಕ್ಕೆ ಹುಟ್ಟಿನಿಂದ ರೂಢಿ.

"ಕೈ ತಗಿಯವ್ವ" ಅಂದರು ಮೇಷ್ಟ್ರು.

ಅವರು ಎದ್ದು ಬಂದು, ವಿರುಪಾಕ್ಷಪ್ಪನ ಎಲೆಯನ್ನು ತಾವೇ ಮಡಚಿ, ಸಾರು ಮೊಣಕೈಗೆ ಇಳಿಯುತ್ತಿದ್ದ ಹಾಗೇ ಗುಂಡಿಗೆ ಹಾಕಿ ಬಂದರು. "ನಾಳಿಂದ ನೀ ಎತ್ತು. ಇಲ್ಲಾಂದ್ರ ದಿನಾ ನಾನ ಎತ್ತತೀನಿ. ನನಗೇನೂ ಬ್ಯಾಸರಿಲ್ಲ" ಅಂದರು. ಹುಡುಗ ಅವರ ಕಾಲಿಗೆ ಬಿದ್ದು ಅತ್ತ. ಮರುದಿನದಿಂದ ಎತ್ತಿದ.

ಇದೇ ವಿರುಪಾಕ್ಷಪ್ಪ ಈಗ ಕಂಪ್ಲಿ ರಸ್ತೆಯ ರೈಸ್ ಮಿಲ್ಲಿನ ಮಾಲೀಕ, ಟ್ರಸ್ಟಿನ ಅಧ್ಯಕ್ಷ. ಮೇಷ್ಟ್ರ ಪುಣ್ಯತಿಥಿಯ ದಿನ ಪ್ರತಿವರ್ಷ ಮೈಕಿನ ಮುಂದೆ ನಿಂತು ಈ ಕಥೆ ಹೇಳುತ್ತಾನೆ. "ಅಂಥ ದೊಡ್ಡ ಮನಷ್ಯ ನನ್ನ ಎಂಜಲ ಎಲಿ ಎತ್ತಿದ್ರು" ಅನ್ನುವ ಹೊತ್ತಿಗೆ ಸರಿಯಾಗಿ ಅವನ ಗಂಟಲು ಕಟ್ಟುತ್ತದೆ. ಕರವಸ್ತ್ರ ತೆಗೆಯುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅವನ ಕಥೆಯಲ್ಲಿ ಮೇಷ್ಟ್ರು ಇರುತ್ತಾರೆ, ಎಲೆ ಇರುತ್ತದೆ, ಅವನಿರುತ್ತಾನೆ. ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತವಳು ಇರುವುದಿಲ್ಲ. ಅವನು ಸುಳ್ಳು ಹೇಳುತ್ತಾನೆ ಅಂತಲ್ಲ. ಅವಳು ಅವನಿಗೆ ಆವತ್ತೂ ಕಂಡಿರಲಿಲ್ಲ, ಅಷ್ಟೆ.

ಭಾಷಣ ಮುಗಿದ ಮೇಲೆ ಊಟ. ಊಟ ಮುಗಿದ ಮೇಲೆ ಎಲೆಗಳನ್ನು ಹೊಳೆಮ್ಮ ಎತ್ತುತ್ತಾಳೆ.

ಕಲ್ಯಾಣ ಮಂಟಪವಾದ ದಿನದಿಂದ ಅದೇ ಅವಳ ಕೆಲಸ. ಮೇಷ್ಟ್ರ ಪದ್ಧತಿ ಹುಡುಗರಿಗೆ ಹಾಕಿದ್ದಲ್ಲವೇ, ಬೀಗರಿಗೆ ಹೇಳಲಾಗುತ್ತದೆಯೇ? ನೆಲದ ಮೇಲಿನ ಸಾಲು ಹೋಗಿ ಉದ್ದನೆಯ ಟೇಬಲ್ಲು, ಬೆಂಚು ಬಂದವು. ಮೊದಲ ಪಂಕ್ತಿಯವರು ಉಣ್ಣುತ್ತಿರುವಾಗಲೇ ಎರಡನೇ ಪಂಕ್ತಿಯವರು ಅವರ ಬೆನ್ನ ಹಿಂದೆ ಬಂದು ನಿಂತು, ಯಾವಾಗ ಏಳುತ್ತಾರೋ ಅಂತ ಅವರ ಎಲೆಯನ್ನೇ ನೋಡುತ್ತಾರೆ. ಅವರು ಏಳುವುದಕ್ಕೂ ಇವರು ಕೂರುವುದಕ್ಕೂ ನಡುವೆ ಒಂದು ಸಣ್ಣ ಸಂದು. ಆ ಸಂದಿನಲ್ಲಿ ಹೊಳೆಮ್ಮ, ಅವಳ ಮಗಳು ಜಂಬಕ್ಕ, ಅದೇ ಕೇರಿಯ ಭರಮಮ್ಮ ಬುಟ್ಟಿ ಎಳೆಯುತ್ತ ಓಡಬೇಕು. ಎಲೆ ಒಳಮುಖ ಮಡಚು, ಬುಟ್ಟಿಗೆ ಹಾಕು, ಒದ್ದೆ ಬಟ್ಟೆಯಿಂದ ಒರೆಸು, ಮುಂದಕ್ಕೆ ಸರಿ. ಸಾರು ತೋಳಿಗೆ ಇಳಿಯುತ್ತದೆ. ಮಜ್ಜಿಗೆ ಸೆರಗಿಗೆ ಸೋರುತ್ತದೆ. ಅಗಿದು ಉಗಿದ ನುಗ್ಗೆಕಾಯಿ ಬೆರಳಿಗೆ ಅಂಟುತ್ತದೆ. ಬುಟ್ಟಿ ತುಂಬಿದರೆ ಇಬ್ಬರು ಹಿಡಿದು ಹಿತ್ತಲಿಗೆ ಹೊರಬೇಕು. ಅಲ್ಲಿ ನಾಯಿ, ಹಂದಿ ಕಾದಿರುತ್ತವೆ. ಅವು ಮಾತ್ರ ಇವರನ್ನು ಕಂಡರೆ ಎದ್ದು ನಿಲ್ಲುತ್ತವೆ.

ಸಂಜೆ ಮನೆಗೆ ಬಂದು ಸೀಗೆಪುಡಿ ಹಾಕಿ ಕೈ ತಿಕ್ಕಿದರೂ ಕಂಡವರ ಎಂಜಲಿನ ವಾಸನೆ ಹೋಗುತ್ತಿರಲಿಲ್ಲ. ಅದೇ ಕೈಯಿಂದ ರೊಟ್ಟಿ ಮುರಿಯಬೇಕು. ಮದುವೆಯ ದಿನಗಳಲ್ಲಿ ಜಂಬಕ್ಕ ರಾತ್ರಿ ಉಣ್ಣುತ್ತಲೇ ಇರಲಿಲ್ಲ. "ಹಸಿವಿಲ್ಲವ್ವ" ಅನ್ನುತ್ತಿದ್ದಳು. ಚಿಕ್ಕವಳಿದ್ದಾಗ ಇದೇ ಹುಡುಗಿ ಇದೇ ಊಟದ ಹಾಲಿನಲ್ಲಿ ಮೇಷ್ಟ್ರ ಪಕ್ಕ ಕೂತು ಉಂಡು, ತನಗಿಂತ ದೊಡ್ಡ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗುಂಡಿಯ ಕಡೆ ಓಡುತ್ತಿದ್ದಳು.

ಜಂಬಕ್ಕನ ಮದುವೆ ಗೊತ್ತಾದಾಗ ಹೊಳೆಮ್ಮನ ಮನಸ್ಸಿನಲ್ಲಿ ಒಂದು ಆಸೆ ಎದ್ದಿತು. ದೊಡ್ಡದೇನಲ್ಲ. ಮಗಳು ಒಂದು ದಿನ, ಅವಳ ಮದುವೆಯ ದಿನ, ಆ ಹಾಲಿನಲ್ಲಿ ಎಲೆಯ ಆ ಕಡೆ ಕೂತು ಉಣ್ಣಬೇಕು. ಅಷ್ಟೆ.

ಒಂದು ದಿನ ಕೆಲಸದ ನಡುವೆಯೇ ಕೈ ಒರೆಸಿಕೊಂಡು ಟ್ರಸ್ಟಿನ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಮೊದಲು ಅದು ಮೇಷ್ಟ್ರ ಕೋಣೆಯಾಗಿತ್ತು. ಈಗ ಮೇಷ್ಟ್ರು ಗೋಡೆಯ ಮೇಲೆ ಗಂಧದ ಹಾರ ಹಾಕಿಕೊಂಡಿದ್ದರು. ಕೆಳಗೆ ವಿರುಪಾಕ್ಷಪ್ಪ. ಪಕ್ಕದಲ್ಲಿ ಮ್ಯಾನೇಜರ್ ಜಡೆಪ್ಪ.

"ಬಾರವ್ವ ಹೊಳೆಮ್ಮ. ಏನ್ ಬಂದಿ?"

"ಜಂಬಕ್ಕಂದು ಮದ್ವಿ ಗೊತ್ತಾತ್ರಿ ಸಾವ್ಕಾರ್ರ. ಗಂಡು ಸಂಡೂರಾಗ ಮೈನ್ಸಿನ್ಯಾಗ ಲಾರಿ ಲೋಡ್ ಮಾಡ್ತಾನ್ರಿ."

"ಭಾಳ ಚಲೋ ಆತು. ಹುಡುಗೀಗೆ ಸೀರಿ ನಂದು. ಬರದಿಟ್ಕೋ ಜಡೆಪ್ಪ."

"ಸೀರಿ ಬ್ಯಾಡ್ರಿ. ಹಾಲ್ ಬೇಕಾಗಿತ್ರಿ."

ಜಡೆಪ್ಪ ವಿರುಪಾಕ್ಷಪ್ಪನ ಮುಖ ನೋಡಿದ.

"ವೈಶಾಖ ಫುಲ್. ಜ್ಯೇಷ್ಠ ಫುಲ್. ಶ್ರಾವಣಾನೂ ಫುಲ್" ಅಂದ ಜಡೆಪ್ಪ.

"ಬುಕ್ ತಗದು ನೋಡಪಾ ಒಂದ್ಸಲ" ಅಂದ ವಿರುಪಾಕ್ಷಪ್ಪ.

"ನನ್ನ ತಲ್ಯಾಗ ಐತಿ ಬುಕ್. ಖಾಲಿ ಅಂದ್ರ ಆಷಾಢನ ಖಾಲಿ. ಇಡೀ ತಿಂಗಳು ನಿಂದ, ತಗಾ" ಅಂತ ಜಡೆಪ್ಪ ಹೊಳೆಮ್ಮನ ಕಡೆ ತಿರುಗಿ ನಕ್ಕ.

ಆಷಾಢದಲ್ಲಿ ಯಾರೂ ತಾಳಿ ಕಟ್ಟುವುದಿಲ್ಲ. ಆ ತಿಂಗಳು ಹಾಲಿನಲ್ಲಿ ಬೆಂಚುಗಳನ್ನು ಗೋಡೆಗೆ ಒರಗಿಸಿ ಇಡುತ್ತಾರೆ. ಆಷಾಢ ಖಾಲಿ ಇದೆ ಅನ್ನುವುದು ಇಲ್ಲ ಅಂತ ಬಾಯಿಬಿಟ್ಟು ಹೇಳದೆ ಇಲ್ಲ ಅನ್ನುವ ರೀತಿ. ಕೇಳಿದವರು ಅರ್ಥ ಮಾಡಿಕೊಂಡು, ನಕ್ಕು, ಎದ್ದು ಹೋಗಬೇಕು.

"ಆಷಾಢಾನ ಆಗ್ಲಿ ಬಿಡ್ರಿ" ಅಂದಳು ಹೊಳೆಮ್ಮ.

ಜಡೆಪ್ಪನ ನಗು ಅರ್ಧಕ್ಕೇ ನಿಂತಿತು. "ಏ, ಹುಚ್ಚಿ ಅದಿಯೇನ? ಆಷಾಢದಾಗ ಯಾರರ ಮದ್ವಿ ಮಾಡ್ತಾರೇನು? ಅಪಶಕುನ!"

"ನಮಗ ಶ್ರಾವಣದಾಗೂ ಅಂಥಾ ಶಕುನ ಏನ್ ಆಗಿಲ್ರಿ. ಬೀಗರನ್ನ ನಾ ಒಪ್ಪಸ್ತೀನಿ."

ವಿರುಪಾಕ್ಷಪ್ಪ ಕನ್ನಡಕ ತೆಗೆದು ಒರೆಸಿದ. ಸುಳ್ಳು ಹೇಳುವ ದಾರಿ ಮುಚ್ಚಿತ್ತು. ಜಡೆಪ್ಪ ತೋರಿಸಿದ ದಾರಿಯಲ್ಲೇ ಅವಳು ಒಳಗೆ ಬಂದುಬಿಟ್ಟಿದ್ದಳು.

"ನೋಡು ಹೊಳೆಮ್ಮ, ನಿನ್ನ ಮುಂದ ಮುಚ್ಚುಮರಿ ಯಾಕ. ನನಗೇನೂ ಇಲ್ಲ. ನಾನು ಮೇಷ್ಟ್ರ ಶಿಷ್ಯ. ಹರಿಜನರು ಅಂದ್ರ ನಮ್ಮ ಮನಿಯವರಿದ್ದಂಗ. ಆದರ ಟ್ರಸ್ಟಿನ್ಯಾಗ ನಾನೊಬ್ಬನ ಅದೀನೇನು? ಅಡಿಗಿಮನಿ, ಪಾತ್ರಿ ಪಡಗ ಎಲ್ಲಾ ಒಂದ್ಸಲ ನೀವು ಬಳಸಿದ್ರಿ ಅಂದ್ರ, ಮುಂದಿನ ಮದ್ವಿಯವರು ಬಂದು ನನ್ನ ಕೇಳ್ತಾರ. ಹಿಂಗ್ ಮಾಡು. ಹೊರಗ ಅಂಗಳ ಐತಲ್ಲ? ಅಲ್ಲಿ ಶಾಮಿಯಾನ ಹಾಕ್ಕೋರಿ. ಕರೆಂಟ್ ನಾ ಕೊಡ್ತೀನಿ."

"ಪಂಕ್ತಿ ಒಳಗ ಮಾಡ್ಕೋಬೌದೇನ್ರಿ?"

"ಹೊರಗಾದ್ರ ಗಾಳಿ ಚಲೋ ಬರತೈತವ್ವ."

ಹೊಳೆಮ್ಮ ತಲೆಯೆತ್ತಿ ಗೋಡೆ ನೋಡಿದಳು. ಮೇಷ್ಟ್ರು ಏನೂ ಅನ್ನಲಿಲ್ಲ. ಏನೂ ಅನ್ನಬಾರದು ಅಂತಲೇ ಅವರನ್ನು ಅಲ್ಲಿ ತೂಗುಹಾಕಿದ್ದರು.

ಹಿತ್ತಲಿಗೆ ಬಂದಾಗ ಭರಮಮ್ಮ ಬುಟ್ಟಿ ಕವುಚಿ ಅದರ ಮೇಲೆ ಕೂತು ಎಲೆಅಡಿಕೆ ಹಾಕುತ್ತಿದ್ದಳು.

"ಏನಂದ್ರಲೇ?"

"ಹೊರಗಾದ್ರ ಗಾಳಿ ಚಲೋ ಬರತೈತಂತ."

ಭರಮಮ್ಮ ಕೆಂಪು ಬಾಯಿ ತೆರೆದು ನಕ್ಕಳು. "ಹೌದಲ್ಲ! ಹುಟ್ಟಿದಾಗಿಂದ ನಾವು ಹೊರಗ ಅದೀವಿ, ಎಷ್ಟ್ ಗಾಳಿ ಕುಡದೀವಿ ನೋಡು! ಅದಕ ಹಿಂಗ್ ತೆಳ್ಳಗ ಅದೀವಿ." ನಗುತ್ತ ನಗುತ್ತ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನಗು ತಿರುಗಿ ಬರಲಿಲ್ಲ. "ಬಿಡವ್ವ. ನಡಿ ಎತ್ತೋಣು. ಎರಡನೇ ಪಂಕ್ತಿ ನಿಂತೈತಿ."

ಹೊಳೆಮ್ಮ ಅವತ್ತೂ ಎತ್ತಿದಳು. ಸಿಟ್ಟು ಬಂದ ದಿನವೇ ಕೆಲಸ ಬಿಡುವುದು ಹೊಟ್ಟೆ ತುಂಬಿದವರಿಗೆ ಸಾಧ್ಯ.

ಜ್ಯೇಷ್ಠದಲ್ಲಿ ವಿರುಪಾಕ್ಷಪ್ಪನ ಮಗಳ ಮದುವೆ ಬಂತು. ಹಾಲಿನ ತುಂಬ ಸೀರಿಯಲ್ ಲೈಟು, ಬಾಗಿಲಿಗೆ ಬಾಳೆಗೊನೆ. ಕಂಪ್ಲಿ, ಎಮ್ಮಿಗನೂರು, ಸಂಡೂರು, ಎಲ್ಲ ಕಡೆಯಿಂದ ಕಾರು, ಟ್ರ್ಯಾಕ್ಟರು. ಎಲೆ ಎತ್ತುವವರು ಬೆಳಗಿನಿಂದಲೇ ಹಿತ್ತಲಲ್ಲಿ ಇರಬೇಕು ಅಂತ ಜಡೆಪ್ಪ ಹೇಳಿದ್ದ.

ಹೊಳೆಮ್ಮ ಹಿತ್ತಲಿಗೆ ಹೋಗಲಿಲ್ಲ. ತಲೆಗೆ ನೀರು ಹಾಕಿಕೊಂಡು, ಟ್ರಂಕಿನಲ್ಲಿದ್ದ ಒಂದೇ ಒಂದು ಒಳ್ಳೆಯ ಇಳಕಲ್ ಸೀರೆ ಉಟ್ಟಳು. ಜಂಬಕ್ಕನಿಗೆ ಮದುವೆಗೆಂದು ತಂದಿಟ್ಟ ಹಸಿರು ಸೀರೆ ಉಡಿಸಿದಳು.

"ಅವ್ವಾ, ಬ್ಯಾಡವ್ವ. ಬಡೀತಾರ" ಅಂದಳು ಜಂಬಕ್ಕ.

"ಬಡೀಲಿ. ಉಣ್ಣಾಕ ಕುಂತೋರನ್ನ ಬಡದ್ರು ಅಂತ ಊರು ಮಾತಾಡ್ಲಿ."

ಇಬ್ಬರೂ ಮುಂದಿನ ಬಾಗಿಲಿನಿಂದ ಹೋದರು. ಬಾಗಿಲಲ್ಲಿ ನಿಂತ ಹುಡುಗಿ ಪನ್ನೀರು ಚಿಮುಕಿಸಿ ಹೂವು ಕೊಟ್ಟಳು. ಅವಳು ಬೇರೆ ಊರಿನವಳು. ಮೊದಲ ಪಂಕ್ತಿಗೆ ಎಲೆ ಹಾಕಿ ನೀರು ಚಿಮುಕಿಸಿದ್ದರು. ತಾಯಿ, ಮಗಳು ಸಾಲಿನ ತುದಿಯ ಬೆಂಚಿನ ಮೇಲೆ ಕೂತರು. ಇಷ್ಟು ವರ್ಷ ಹೊಳೆಮ್ಮ ಆ ಟೇಬಲ್ಲನ್ನು ನೋಡಿದ್ದು ನಿಂತುಕೊಂಡು. ಕೂತಾಗ ಅದು ಎದೆಯ ಮಟ್ಟಕ್ಕೆ ಬರುತ್ತದೆ ಅಂತ ಇವತ್ತು ಗೊತ್ತಾಯಿತು.

ಪಕ್ಕದಲ್ಲಿ ಒಬ್ಬ ಮುದುಕಿ ಕೂತಿದ್ದಳು, ಸಂಡೂರಿನ ಅಕ್ಕನಾಗಮ್ಮ. ಮಾತಿನ ಹೆಂಗಸು. ಜಂಬಕ್ಕನ ಗಲ್ಲ ಮುಟ್ಟಿ, "ಹುಡುಗಿ ಲಕ್ಷಣ ಐತಿ. ನೀವು ಗಂಡಿನ ಕಡೆಯವರೋ, ಹೆಣ್ಣಿನ ಕಡೆಯವರೋ?" ಅಂತ ಕೇಳಿದಳು.

"ಎಲಿ ಕಡೆಯವರ್ರಿ" ಅಂದಳು ಹೊಳೆಮ್ಮ.

ಮುದುಕಿಗೆ ಅರ್ಥವಾಗಲಿಲ್ಲ. ಆದರೂ ನಕ್ಕಳು.

ಬಡಿಸುವವರು ಆ ತುದಿಯಿಂದ ಬಂದರು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ. ಉಪ್ಪಿನವನು ಹೊಳೆಮ್ಮನ ಮುಖ ನೋಡಿ ನಿಂತ. ಅವನು ಇಲ್ಲಿಯ ಹಳೆಯ ಅಡುಗೆಯವನು, ಅವಳನ್ನು ಬಲ್ಲ. ಕೈ ಎಲೆಯ ಮೇಲೆ ಬಂತು, ಹಾಗೇ ಹಿಂದಕ್ಕೆ ಹೋಯಿತು. ಅವನು ತಿರುಗಿದ. ಹಿಂದಿನವನೂ ತಿರುಗಿದ. ಅವನ ಹಿಂದೆ ಹೋಳಿಗೆಯ ತಟ್ಟೆ, ಅದೂ ತಿರುಗಿತು. ಅನ್ನದ ಬುಟ್ಟಿ ಅಕ್ಕನಾಗಮ್ಮನ ಎಲೆಯವರೆಗೆ ಬಂದು, ಅಲ್ಲಿಗೆ ಊರು ಮುಗಿಯಿತು ಅನ್ನುವಂತೆ ವಾಪಸಾಯಿತು.

ಜಡೆಪ್ಪ ಓಡಿ ಬಂದ. ಜನರಿಗೆ ಕಾಣಲಿ ಅಂತ ನಗುತ್ತ, ಹಲ್ಲಿನ ಸಂದಿನಿಂದ, "ಏನಲೇ ಹೊಳಿ, ಸೊಕ್ಕು ಬಂತೇನ? ಏಳು ಮ್ಯಾಲೆ" ಅಂದ.

"ಉಣ್ಣಾಕ ಕುಂತೀನ್ರಿ."

"ಹಿಂದ ಬಾ, ಬುಟ್ಟಿ ತುಂಬ ಕಟ್ಟಿ ಕೊಡ್ತೀನಿ."

"ಬುಟ್ಟಿ ಬ್ಯಾಡ್ರಿ. ಎಲಿ ಮ್ಯಾಲೆ ಹಾಕ್ರಿ."

ಅಕ್ಕನಾಗಮ್ಮ ತುತ್ತು ಬಾಯಿಯ ಹತ್ತಿರ ಹಿಡಿದು ನೋಡಿದಳು. ಈಗ ಅರ್ಥವಾಗಿತ್ತು. ಅವಳು ಎದ್ದು ಹೋಗಲಿಲ್ಲ. ಬೈಯಲೂ ಇಲ್ಲ. ತನ್ನ ಎಲೆಯನ್ನು ಒಂದು ಗೇಣು ಆ ಕಡೆ ಎಳೆದುಕೊಂಡು, ತಲೆ ತಗ್ಗಿಸಿ ಉಣ್ಣತೊಡಗಿದಳು. ಜಂಬಕ್ಕನ ಗಲ್ಲ ಮುಟ್ಟಿದ್ದ ಎಡಗೈಯನ್ನು ಸೆರಗಿಗೆ ಒರೆಸಿಕೊಂಡಳು. ಒರೆಸಿದ್ದು ಅವಳಿಗೂ ಗೊತ್ತಾಗಲಿಲ್ಲ. ಜಂಬಕ್ಕನಿಗೆ ಗೊತ್ತಾಯಿತು.

ಆಮೇಲೆ ವಿರುಪಾಕ್ಷಪ್ಪನೇ ಬಂದ. ರೇಷ್ಮೆ ಪಂಚೆ, ಹಣೆಯ ತುಂಬ ವಿಭೂತಿ. ಎಲ್ಲರಿಗೂ ಕೈಮುಗಿಯುತ್ತ, "ನಿಧಾನಕ್ಕ ಊಟಾ ಮಾಡ್ರಿ" ಅನ್ನುತ್ತ ತುದಿಗೆ ಬಂದು ಬಗ್ಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡುವ ದನಿ ಅದು.

"ಹೊಳೆಮ್ಮ, ನನ್ನ ಮಗಳ ಮದ್ವಿ ಐತವ್ವ ಇದು. ಇವತ್ತೊಂದಿನ ಮರ್ಯಾದಿ ಉಳಸು. ಏಳು ತಾಯಿ."

"ಬಡಸ್ರಿ ಸಾವ್ಕಾರ್ರ. ಉಣ್ತೀನಿ, ಏಳ್ತೀನಿ."

ಅವನು ಅಲ್ಲೇ ನಿಂತ. ಬಡಿಸುವವನ ಕೈಯಲ್ಲಿ ಅನ್ನದ ಬುಟ್ಟಿ ಇತ್ತು. ವಿರುಪಾಕ್ಷಪ್ಪ ಒಂದು ಮಾತು ಅಂದಿದ್ದರೆ ಸಾಕಿತ್ತು. ಅಷ್ಟು ವರ್ಷ ಮೈಕಿನಲ್ಲಿ ಹೇಳಿದ ಕಥೆ ಅವನ ಬಾಯಿಯಲ್ಲೇ ಇತ್ತು. ಅವನು ಬೀಗರ ಕಡೆ ನೋಡಿದ. ಬೀಗರು ಇವನ ಕಡೆಯೇ ನೋಡುತ್ತಿದ್ದರು. ಕೈಮುಗಿಯುತ್ತ ಮುಂದಕ್ಕೆ ಹೋದ.

ಪಂಕ್ತಿ ನಡೆಯಿತು. ಹೋಳಿಗೆ, ತುಪ್ಪ, ಅನ್ನ, ಸಾರು, ಮಜ್ಜಿಗೆ. ಹೊಳೆಮ್ಮ, ಜಂಬಕ್ಕ ಖಾಲಿ ಎಲೆಯ ಮುಂದೆ ಕೂತೇ ಇದ್ದರು. ಎಲೆಯ ಮೇಲಿನ ನೀರಿನ ಹನಿ ಫ್ಯಾನಿನ ಗಾಳಿಗೆ ನಡುಗಿ ನಡುಗಿ ಒಣಗಿತು. ಜಂಬಕ್ಕನ ಕಣ್ಣಿನಿಂದ ಇನ್ನೊಂದು ಹನಿ ಬಿತ್ತು. "ಎಲಿ ಮ್ಯಾಲೆ ಅಳಬ್ಯಾಡ" ಅಂದಳು ಹೊಳೆಮ್ಮ.

ಎಲ್ಲರೂ ಉಂಡು ಎದ್ದರು. ಕೈ ತೊಳೆಯಲು ಹೋದರು. ಕೊನೆಗೆ ಹೊಳೆಮ್ಮ ಎದ್ದಳು. ತನ್ನ ಎಲೆಯನ್ನು ಒಳಮುಖ ಮಡಚಿ ಎತ್ತಿಕೊಂಡಳು. ಜಂಬಕ್ಕ ತನ್ನದನ್ನು ಎತ್ತಿಕೊಂಡಳು. ಉಳಿದ ಎಲೆಗಳ ಕಡೆ ನೋಡದೆ ಇಬ್ಬರೂ ಮುಂದಿನ ಬಾಗಿಲಿನಿಂದಲೇ ಹೊರಗೆ ನಡೆದರು.

ಎರಡನೇ ಪಂಕ್ತಿಯವರು ಬೆಂಚಿನ ಹಿಂದೆ ನಿಂತಿದ್ದರು. ನಿಂತೇ ಇದ್ದರು. ಮಂಡಲ ಪಂಚಾಯಿತಿಯವರು, ಮೈನ್ಸಿನವರು, ಡಾಕ್ಟರು, ವಕೀಲರು, ಕಾಲೇಜಿನ ಮೇಷ್ಟ್ರುಗಳು. ಅವರ ಮುಂದೆ ಉದ್ದಕ್ಕೂ ಎಂಜಲೆಲೆ. ಸಾರು ಟೇಬಲ್ಲಿನ ಅಂಚಿಗೆ ಹರಿದು ಒಬ್ಬರ ಬಿಳಿ ಪಂಚೆಯ ಮೇಲೆ ತೊಟ್ಟಿಕ್ಕಿತು. ವಿರುಪಾಕ್ಷಪ್ಪ ಜಡೆಪ್ಪನನ್ನು ನೋಡಿದ. ಜಡೆಪ್ಪ ಬಡಿಸುವವನನ್ನು ನೋಡಿದ. ಬಡಿಸುವವನು ಸೂರು ನೋಡಿದ. ಆ ಹಾಲಿನಲ್ಲಿ ಮೇಷ್ಟ್ರ ಕೈಯಲ್ಲಿ ಉಂಡು ಬೆಳೆದವರು ಬಹಳ ಜನ ಇದ್ದರು. ಒಂದು ಕಾಲಕ್ಕೆ ಅವರೆಲ್ಲರಿಗೂ ಎಲೆ ಎತ್ತುವುದು ಗೊತ್ತಿತ್ತು.

ಜಡೆಪ್ಪ ಹಿತ್ತಲಿಗೆ ಓಡಿದ. ಭರಮಮ್ಮ ಕವುಚಿದ ಬುಟ್ಟಿಯ ಮೇಲೆ ಕೂತಿದ್ದಳು.

"ಏಳಲೇ! ಎಲಿ ಹಂಗ ಬಿದ್ದಾವ!"

"ಸೊಂಟ ಹಿಡಕೊಂಡೈತಪಾ ಜಡೆಪ್ಪ. ಗಾಳಿ ಜಾಸ್ತಿ ಆಗೇತಿ ನೋಡು" ಅಂದಳು.

ಆಮೇಲೆ ಏನಾಯಿತು ಅಂತ ಕೇಳಬಾರದು. ಆಗುವುದೇ ಆಯಿತು. ಬೇರೆ ಕೇರಿಗೆ ಟೆಂಪೋ ಹೋಯಿತು. ಎಲೆ ಎತ್ತಲು ಜನ ಸಿಕ್ಕರು. ಹಸಿದವರಿಗೆ ಈ ಊರಿನಲ್ಲಿ ಯಾವತ್ತೂ ಬರವಿಲ್ಲ. ಹೊಳೆಮ್ಮನ ಕೆಲಸ ಹೋಯಿತು, ಭರಮಮ್ಮನದೂ ಹೋಯಿತು. ಸಂಡೂರಿನ ಬೀಗರು ಆಷಾಢ ಬೇಡ ಅಂದರು. ಜಂಬಕ್ಕನ ಮದುವೆ ಶ್ರಾವಣದಲ್ಲಿ, ಕೇರಿಯ ಓಣಿಯಲ್ಲಿ, ಮಳೆಗೆ ನೆನೆದ ಚಪ್ಪರದ ಕೆಳಗೆ ನಡೆಯಿತು. ಅದರ ಮುಂದಿನ ಪುಣ್ಯತಿಥಿಗೆ ವಿರುಪಾಕ್ಷಪ್ಪ ಮತ್ತೆ ಎಲೆಯ ಕಥೆ ಹೇಳಿದ. ಗಂಟಲು ಸರಿಯಾದ ಹೊತ್ತಿಗೇ ಕಟ್ಟಿತಂತೆ.

ಆದರೆ ಅವತ್ತು, ಜ್ಯೇಷ್ಠದ ಆ ಮಧ್ಯಾಹ್ನ, ತಾಯಿ ಮಗಳು ಮಡಚಿದ ಎಲೆ ಹಿಡಿದು ಕಾಲುವೆಯ ದಂಡೆಗುಂಟ ಮನೆಗೆ ಬಂದರು. ಕಾಲುವೆ ತುಂಬಿ ಹರಿಯುತ್ತಿತ್ತು.

ಜಂಬಕ್ಕ ನೆಲದ ಮೇಲೆ ಎರಡೂ ಎಲೆ ಬಿಡಿಸಿ ಹಾಸಿದಳು. ಯಾರ ಎಂಜಲೂ ತಾಗದ ಹಸಿ ಎಲೆ. ನಿನ್ನೆಯ ಜೋಳದ ರೊಟ್ಟಿ ಇತ್ತು, ಪುಂಡಿಪಲ್ಯ ಇತ್ತು. ಹೊಳೆಮ್ಮ ಬಡಿಸಿದಳು. ಎದುರುಬದುರು ಕೂತು ಉಂಡರು. ಜಂಬಕ್ಕ ಹಸಿವಿಲ್ಲ ಅನ್ನಲಿಲ್ಲ. ಎಲೆಯಲ್ಲಿ ಒಂದು ಚೂರೂ ಬಿಡದೆ ಉಂಡಳು.

ಉಂಡು ಮುಗಿಯಿತು. ಹೊಳೆಮ್ಮ ಬಾಗಿಲ ಕಡೆ ನೋಡುತ್ತಿದ್ದಳು. ನಾಳೆ ಯಾರ ಮನೆಯ ಬಾಗಿಲಿಗೆ ಹೋಗಿ ಕೆಲಸ ಕೇಳುವುದು ಅಂತ ಯೋಚಿಸುತ್ತಿದ್ದಳೋ ಏನೋ. ಅವಳ ಕೈ ಮಾತ್ರ ಅವಳನ್ನು ಕೇಳದೆ ಮುಂದಕ್ಕೆ ಹೋಗಿ, ಮಗಳ ಎಲೆಯ ಅಂಚು ಹಿಡಿದು ಒಳಮುಖ ಮಡಚತೊಡಗಿತ್ತು.

"ಕೈ ತಗಿಯವ್ವ" ಅಂದಳು ಜಂಬಕ್ಕ.

ಆ ಮಾತನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಳೆಮ್ಮ ಕೈ ತೆಗೆದಳು. ತೆಗೆದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಯಾರದೋ ಕೂಸನ್ನು ನೋಡುವಂತೆ ಅದನ್ನೇ ನೋಡುತ್ತ ಕೂತಳು. ಜಂಬಕ್ಕ ತನ್ನ ಎಲೆ ತಾನೇ ಎತ್ತಿಕೊಂಡು ಹೊರಗೆ ಹೋದಳು.